ಬೂದು ಇಯರ್‌ಫೋನಿನ ಎಡಗಿವಿ

ಕುಂದಾಪುರದ ಆ ಅಂಗಡಿಯಲ್ಲಿ ಗಿರಾಕಿಗಳು ಕೇಳಿ ನೋಡಲೆಂದೇ ಎರಡು ಜೊತೆ ಇಯರ್‌ಫೋನುಗಳನ್ನು ಮೊಳೆಗೆ ನೇತುಹಾಕಿದ್ದರು. ಒಂದು ಕಪ್ಪು, ಒಂದು ಬೂದು. ಯಾರು ಬೇಕಾದರೂ ಕಿವಿಗೆ ತುರುಕಿಕೊಳ್ಳಬಹುದು. ಬಹಳ ಜನ ತುರುಕಿಕೊಂಡಿದ್ದರು ಎಂಬುದು ನನಗೆ ಒಂದೇ ನೋಟಕ್ಕೆ ತಿಳಿಯಿತು. ಕಪ್ಪಿನ ರಬ್ಬರ್ ತುದಿಯ ಸುತ್ತ ಒಂದು ಹಳದಿ ಗೆರೆ, ಹಲಸಿನ ಮೇಣ ಕತ್ತಿಗೆ ಹತ್ತಿ ಒಣಗಿದ ಹಾಗೆ. ಬೂದು ಬಣ್ಣದ್ದಕ್ಕೆ ಒಂದು ಗಿಡ್ಡ ಕೂದಲು ಅಂಟಿತ್ತು. ಬಿಳಿ ಕೂದಲು.

"ಹಾಯ್ಕಣಿ ಅಕ್ಕ, ನಾಚ್ಕಿ ಎಂತಕೆ?" ಎಂದು ಅಂಗಡಿಯವರು ಕಪ್ಪನ್ನು ತಮ್ಮ ಪ್ಯಾಂಟಿನ ತೊಡೆಗೆ ಒರೆಸಿ ನನ್ನ ಮುಂದೆ ಹಿಡಿದರು.

"ಇದ್ ಎಲ್ಲರೂ ಹಾಯ್ಕಂಡದ್ದಲ್ದಾ?"

"ಎಲ್ಲರ್ ಕೆಮಿಯೂ ಒಂದೇ ಅಕ್ಕ. ಎಂತ ಆತಿಲ್ಲೆ."

ಕಿವಿ ಎಲ್ಲರದ್ದೂ ಒಂದೇ ಇರಬಹುದು; ನಾನು ಕೈ ಚಾಚಲಿಲ್ಲ. ಬೇರೆಯವರ ಬಾಚಣಿಗೆ ಮುಟ್ಟಿದರೂ ಸೋಪು ಹಚ್ಚಿ ಕೈ ತೊಳೆಸುತ್ತಿದ್ದ ಸಿಸ್ಟರುಗಳ ಕಾನ್ವೆಂಟಿನಲ್ಲಿ ಓದಿದವಳು ನಾನು. ಆದರೆ ಕೇಳದೆ ಆರಿಸುವಂತಿರಲಿಲ್ಲ. ನಾನು ಬಂದದ್ದೇ ಆ ಕಾನ್ವೆಂಟಿನ ಒಂದು ಹಾಡಿಗಾಗಿ.

ನಾವು ಎಂಟನೆಯ ತರಗತಿಯಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಹಾಡಿದ್ದನ್ನು ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಗೆಳತಿಯೊಬ್ಬಳು ಅದನ್ನು ಈಗ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದಳು. ಎಲ್ಲರೂ 'ಇದು ನಾನು, ಇದು ನಾನು' ಎಂದು ಸಂಭ್ರಮಪಡುತ್ತಿರುವಾಗ ಅವಳೇ ನನಗೆ ಬರೆದಳು: "ನೀನು ಇದ್ರಲ್ಲಿ ಹಾಡಿದ್ಯಾ ಮಾರಾಯ್ತಿ? ನಿನ್ನನ್ನು ಬರೀ ಬಾಯಿ ಆಡಿಸುವುದಕ್ಕೆ ನಿಲ್ಲಿಸಿದ್ದಲ್ವಾ?" ಕೆಳಗೆ ಹತ್ತಾರು ನಗುವ ಮುಖಗಳು.

ಅಲ್ಲ. ನಾನು ಹಾಡಿದ್ದೆ. ಎಡಗಡೆ, ಹಿಂದಿನ ಸಾಲಿನಲ್ಲಿ, ತಗ್ಗು ದನಿಯವರ ಜೊತೆ. ಆ ದಿನ ನನಗೆ ವಿಪರೀತ ನೆಗಡಿ, ಅದಕ್ಕೇ ಸಿಸ್ಟರ್ ನನ್ನನ್ನು ಹಿಂದೆ ತಳ್ಳಿದ್ದು. ಬಾಯಿ ಮುಚ್ಚು ಎಂದಿರಲಿಲ್ಲ. ಫೋನಿನಲ್ಲಿ ಮುಂದಿನ ಸಾಲಿನ ಚೀರುದನಿಗಳು ಮಾತ್ರ ಕೇಳುತ್ತಿದ್ದವು. ಹಾಡನ್ನು ನನ್ನ ಬೆಂಕಿಪೆಟ್ಟಿಗೆ ಗಾತ್ರದ ಪ್ಲೇಯರಿಗೆ ತುಂಬಿಸಿ, ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿದರೆ ನಾನು ಸಿಕ್ಕೇ ಸಿಗುತ್ತೇನೆ ಎಂದುಕೊಂಡು ಕೋಟದಿಂದ ಬಸ್ಸು ಹತ್ತಿದ್ದೆ.

"ತಗ್ಗು ದನಿ ಕೇಂಬುಕಾರೆ ಕಪ್ಪೇ ಸಮ. ಬೇಸ್ ಕಾಣಿ ಹ್ಯಾಂಗಿತ್," ಎಂದರು ಅಂಗಡಿಯವರು, ನನಗೆ ಏನು ಕೇಳಬೇಕೆಂದು ಹೇಳಿದಾಗ.

ಕರವಸ್ತ್ರದ ತುದಿಗೆ ಸ್ಯಾನಿಟೈಸರ್ ಹಾಕಿ ಮೂರು ಸಲ ಒರೆಸಿದೆ. ಬಟ್ಟೆಗೆ ಬಂದ ಬಣ್ಣವನ್ನು ನೋಡಬಾರದಿತ್ತು, ನೋಡಿದೆ. ಉಸಿರು ಬಿಗಿಹಿಡಿದು ಕಪ್ಪನ್ನು ಹಾಕಿಕೊಂಡರೆ ಬಂದರಿನಲ್ಲಿ ಐಸ್ ಗಡ್ಡೆ ಕುಟ್ಟಿದ ಹಾಗೆ ದಡ್ ದಡ್. ನಮ್ಮ ಹಾರ್ಮೋನಿಯಂ ಕೂಡ ಗುಮ್ಮೆನ್ನುತ್ತಿತ್ತು. ಬೂದು ತೆಳ್ಳಗಿತ್ತು, ಆದರೆ ಒಂದೊಂದು ದನಿಯೂ ಬಿಡಿಬಿಡಿ. ಅದನ್ನೇ, ಹೊಸ ಪೆಟ್ಟಿಗೆಯದ್ದನ್ನು, ಕೊಂಡೆ. ಅಂಗಡಿಯ ಹೊರಗೆ ಬಂದು ನೀರಿನ ಬಾಟಲಿಯಿಂದ ಕರವಸ್ತ್ರ ಒದ್ದೆ ಮಾಡಿ ಎರಡೂ ಕಿವಿ ಉಜ್ಜಿಕೊಂಡೆ.

ಮನೆಗೆ ಬಂದರೆ ಬೂತಾಯಿ ಮೀನು ಬಂದು ಬಿದ್ದಿತ್ತು. ಆ ದಿನ ಮುಗಿದದ್ದು ಅದನ್ನು ಹೆಚ್ಚಿ ತೊಳೆಯುವುದರಲ್ಲಿ. ಮರುದಿನ ಶುಕ್ರವಾರ, ಎಣ್ಣೆ ಸ್ನಾನ. ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆಯ ಬಟ್ಟಲು ಹಿಡಿದು ಬಂದರು.

"ಬಾ, ಕೆಮಿಗೆ ಎಣ್ಣಿ ಬಿಡ್ತೆ. ನೀನ್ ಫೋನ್ ಹಿಡುದು ಎಡ್ದ ಕೆಮಿಗಲ್ದಾ? ಅದೇ ಒಣ್ಗಿ ಹೋಯ್ತ್."

ಬೇಡವೆಂದರೆ ಬಿಡುವವರಲ್ಲ. ಎಡಗಿವಿಗೆ ನಾಲ್ಕು ಹನಿ ಬಿತ್ತು.

ಮಧ್ಯಾಹ್ನ ಕೂತು ಹಾಡು ಹಾಕಿದೆ. ಬಲಗಡೆ ಚೀರುದನಿಗಳು ಸ್ಪಷ್ಟ. ಎಡಗಡೆ, ನನ್ನ ಕಡೆ, ದೂರದ ಬಾವಿಯೊಳಗಿಂದ ಬಂದಂತೆ ಒಂದು ಗೊಣಗು. ಒತ್ತಿ ಕೂರಿಸಿದೆ. ಮರುದಿನ ಇನ್ನೂ ಒತ್ತಿದೆ. ನಾನು ಕಿವಿ ಹಿಡಿದುಕೊಂಡು ಕೂತದ್ದನ್ನು ಕಂಡು ಅತ್ತೆ ಮತ್ತೆ ನಾಲ್ಕು ಹನಿ ಬಿಟ್ಟರು. ಮೂರನೆಯ ದಿನ ಎಡಗಡೆ ಪೂರ್ತಿ ಸತ್ತಿತು. ಅಡುಗೆಮನೆಯಲ್ಲಿ ಅತ್ತೆ ಪಿಸುಗುಟ್ಟಿದ್ದು ಕೇಳುತ್ತಿತ್ತು, ಹಾಗಾಗಿ ದೋಷ ಕಿವಿಯದ್ದಲ್ಲ. ಆಗ ನನಗೆ ಹೊಳೆಯಿತು: ಯಾರೋ ಹಾಕಿ ಬಿಟ್ಟದ್ದನ್ನೇ ಒರೆಸಿ ಪೆಟ್ಟಿಗೆಗೆ ಹಾಕಿ ಕೊಟ್ಟಿದ್ದಾರೆ. ಯಾರದ್ದೋ ಕೊಳೆ ಮೂರು ದಿನ ನನ್ನ ಕಿವಿಯಲ್ಲಿ! ಆ ದಿನ ಊಟ ಸೇರಲಿಲ್ಲ.

ಸಾಮಾನ್ಯವಾಗಿ ನಾನು ದನಿ ಎತ್ತುವವಳಲ್ಲ. ಅಂಗಡಿಯಲ್ಲಿ ಎತ್ತಿದೆ. ಕಾಲೇಜಿನ ಹುಡುಗಿಯರಿಬ್ಬರು ತಿರುಗಿ ನೋಡಿದರು.

"ಹಳ್ತ್ ಕೊಟ್ಟಿದ್ರಿ ನಂಗೆ. ಎಡ್ದ ಬದಿ ಕೇಂತಿಲ್ಲೆ. ಯಾರದ್ದೋ ಕೆಮಿ ಗಲೀಜ್ ಅದ್ರಗಿತ್!"

ಅಂಗಡಿಯವರು ಇಯರ್‌ಫೋನ್ ಇಸಿದುಕೊಂಡರು. ರಬ್ಬರ್ ತುದಿ ಕಿತ್ತು, ಮೇಜಿನ ದೀಪದ ಕೆಳಗೆ ಹಿಡಿದು, ಗುಂಡುಸೂಜಿಯಿಂದ ಜಾಲರಿಯ ಬಾಯಿಯನ್ನು ಮೆಲ್ಲ ಕೆದಕಿದರು. ಹಳದಿ ಮುದ್ದೆಯೊಂದು ಎದ್ದು ಬಂತು. ಮಿರಿ ಮಿರಿ ಮಿಂಚುತ್ತಿತ್ತು. ಅದನ್ನು ಕಾಗದದ ಮೇಲಿಟ್ಟು, ಬಗ್ಗಿ ಮೂಸಿದರು.

"ಹ್ವಾಯ್ ಅಕ್ಕ, ಕೆಮಿಗೆ ಬೆಳ್ಳುಳ್ಳಿ ಒಗ್ಗರಣಿ ಹಾಕಿದ್ರಿಯಾ?"

ಹುಡುಗಿಯರು ಒಬ್ಬಳ ಭುಜಕ್ಕೆ ಇನ್ನೊಬ್ಬಳು ಮುಖ ಒತ್ತಿಕೊಂಡು ನಕ್ಕರು. ಒಬ್ಬಳು ತನ್ನ ಬ್ಯಾಗನ್ನು ಮೇಜಿನಿಂದ ತೆಗೆದು ಎದೆಗವಚಿಕೊಂಡಳು, ನನ್ನ ಕೊಳೆ ಅದಕ್ಕೆ ಹತ್ತೀತೆಂಬಂತೆ. ಕಾಗದದ ಮೇಲೆ ಎಣ್ಣೆ ಮೆಲ್ಲಗೆ ಹರಡುತ್ತಿತ್ತು. ವಾಸನೆ ನನಗೂ ಬಂತು. ನಮ್ಮ ಮನೆಯದೇ ಬಟ್ಟಲು. ಅಷ್ಟು ಜನರ ಕಿವಿಗೆ ಅಸಹ್ಯಪಟ್ಟ ನನಗೆ, ಅಲ್ಲಿದ್ದ ಎಲ್ಲಕ್ಕಿಂತ ಗಲೀಜು ನನ್ನದೇ ಎಂದು ನೋಡುತ್ತಾ ನಿಲ್ಲಬೇಕಾಯಿತು.

ಅವರು ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ರಬ್ಬರ್ ಹಾಕಿ ಕೈಗಿತ್ತರು. "ಎಣ್ಣಿ ಬಿಟ್ಟ ದಿನ ಹಾಯ್ಕಣ್ಬೇಡಿ, ಅಷ್ಟೇ." ದೊಡ್ಡ ಮಾತೇನೂ ಆಡಲಿಲ್ಲ. ಅದು ಇನ್ನೂ ಚುಚ್ಚಿತು.

ಕೋಟದ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹತ್ತಿಯಿಂದ ಕಿವಿ ಒರೆಸಿಕೊಂಡು, ಹಾಡು ಹಾಕಿದೆ. ಎಡಗಡೆ ತೆರೆದುಕೊಂಡಿತು. ತಗ್ಗು ದನಿಗಳು ಏಳೋ ಎಂಟೋ, ಒಂದರೊಳಗೊಂದು ಹೆಣೆದುಕೊಂಡಿದ್ದವು. ನನ್ನದು ಯಾವುದು? ಮೊದಲ ಚರಣ ಮುಗಿಯಿತು, ಗೊತ್ತಾಗಲಿಲ್ಲ. ಎರಡನೆಯದರ ನಡುವೆ ಸಾಲು ನಿಂತು ಎಲ್ಲರೂ ಉಸಿರೆಳೆಯುವಲ್ಲಿ, ಎಡ ಮೂಲೆಯಿಂದ ಒಂದು ಸದ್ದು ಬಂತು.

ಸೊರ್ರ್.

ದಪ್ಪ, ಒದ್ದೆ, ಮೂಗಿನ ಕೊನೆಯವರೆಗೂ ಎಳೆದ ಸದ್ದು. ಅದರ ಬೆನ್ನಿಗೇ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಕಟ್ಟಿದ ಮೂಗಿನ ಒಂದು ತಗ್ಗು ದನಿ ಸಾಲನ್ನು ಹಿಡಿದು ಕೊನೆಯವರೆಗೂ ಹೋಯಿತು.

ಥೂ, ಎಂದುಕೊಂಡೆ. ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ಸಾಲಿಗ್ರಾಮ ದಾಟುವುದರೊಳಗೆ ಆರು ಸಲ. ಇಳಿಯಬೇಕಾದ ಕೋಟ ಹಿಂದೆ ಹೋದದ್ದೇ ತಿಳಿಯಲಿಲ್ಲ.

ರಸ್ತೆ ಬದಿಯಲ್ಲಿ ನಿಂತು ವಾಪಸು ಬಸ್ಸಿಗೆ ಕಾಯುತ್ತಾ ಗೆಳತಿಗೆ ಬರೆದೆ: "ನಾನು ಹಾಡಿದ್ದೇನೆ. ಎರಡನೇ ಚರಣದ ನಡುವೆ ಎಡಗಡೆ ಕೇಳು." ಏನು ಕೇಳಬೇಕು ಎಂದು ಬರೆಯಲಿಲ್ಲ. ಒಳ್ಳೆಯ ಇಯರ್‌ಫೋನ್ ಇದ್ದರೆ ಅವಳಿಗೇ ಗೊತ್ತಾಗುತ್ತದೆ.