ಇಂಡಿಯಲ್ಲಿ ಹಳೆಯದು, ಮುದ್ದೇಬಿಹಾಳದಲ್ಲಿ ಹೊಸದು

ಇವತ್ತು ಮಧ್ಯಾಹ್ನ ಕಚೇರಿಯಲ್ಲಿ ಸಹೋದ್ಯೋಗಿಯೊಬ್ಬಳು ಬುತ್ತಿಯ ಡಬ್ಬಿ ತೆರೆದಳು. ನಿಂಬೆ ಉಪ್ಪಿನಕಾಯಿಯ ವಾಸನೆ ಕೋಣೆಗೆಲ್ಲ ಹಬ್ಬಿತು. ಉಳಿದವರ ಬಾಯಲ್ಲಿ ನೀರೂರಿರಬೇಕು, ನನಗೆ ಮಾತ್ರ ಕಿವಿ ಬಿಸಿಯಾಯಿತು. ನಿಂಬೆಯ ವಾಸನೆಗೆ ನನಗೆ ನಮ್ಮ ವಿಜಯಪುರ ಜಿಲ್ಲೆಯ ನಿಂಬೆಯ ಊರು ಇಂಡಿ ನೆನಪಾಗುತ್ತದೆ. ಇಂಡಿ ಎಂದರೆ ಶಾಂತಕ್ಕ, ಶಾಂತಕ್ಕ ಎಂದರೆ ನನ್ನ ಜಾಣತನ ಬಯಲಾದ ಆ ದಿನ.

ಮೊದಲು ನನ್ನ ಉದ್ಯೋಗ ಏನೆಂದು ಹೇಳಿಬಿಡಬೇಕು. ನಮ್ಮವ್ವನಿಗೆ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಅವಳು ನಮ್ಮೂರು ಮಸೂತಿಯಲ್ಲಿ ಕೇಳಿದವರಿಗೆಲ್ಲ “ನಮ್ಮ ಹುಡುಗ ಇಂಟರ್ನೆಟ್ ರಿಪೇರಿ ಮಾಡ್ತಾನ” ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಸಂಗತಿ ಇಷ್ಟೇ. ದೊಡ್ಡ ಸಂಸ್ಥೆಗಳ ಜಾಲತಾಣ ಇರುವುದು ದೂರದ ಯಾವುದೋ ಒಂದು ಯಂತ್ರದಲ್ಲಿ. ಫಲಿತಾಂಶದ ದಿನ ಎಲ್ಲರೂ ಒಮ್ಮೆಲೇ ಅಲ್ಲಿಗೆ ನುಗ್ಗಿದರೆ ಅದು ಕುಸಿದು ಕೂರುತ್ತದೆ. ಹಾಗಾಗಿ ಅದರಲ್ಲಿರುವ ಪುಟಗಳ ಪ್ರತಿಗಳನ್ನು ಊರೂರಿನ ಹತ್ತಿರದ ಯಂತ್ರಗಳಲ್ಲಿ ಇಡುತ್ತೇವೆ. ನೀವು ಇಂಡಿಯಲ್ಲಿ ಕೂತು ಪುಟ ಕೇಳಿದರೆ ವಿಜಯಪುರದ ಯಂತ್ರವೇ ತನ್ನಲ್ಲಿರುವ ಪ್ರತಿಯನ್ನು ಕೊಟ್ಟುಬಿಡುತ್ತದೆ. ಯಾವ ಪ್ರತಿ ಎಲ್ಲಿರಬೇಕು, ಎಷ್ಟು ಹೊತ್ತು ಇರಬೇಕು, ಹೊಸದು ಬಂದಾಗ ಹಳೆಯದನ್ನು ಯಾವಾಗ ಎಸೆಯಬೇಕು ಎಂದು ಯೋಜಿಸಿ ನೋಡಿಕೊಳ್ಳುವುದು ನನ್ನ ಕೆಲಸ.

ಆಗ ನಮಗೆ ಒಂದು ದೊಡ್ಡ ಶಿಕ್ಷಣ ಸಂಸ್ಥೆಯ ಕೆಲಸ ಸಿಕ್ಕಿತ್ತು. ಅದರ ನರ್ಸಿಂಗ್ ಕೋರ್ಸಿನ ಎರಡನೆಯ ಆಯ್ಕೆ ಪಟ್ಟಿ ಬೆಳಿಗ್ಗೆ ಹತ್ತಕ್ಕೆ ಹೊರಬಿದ್ದಿತ್ತು. ಹೆಸರು ಬಂದವರು ಅದೇ ಸಂಜೆ ಐದರೊಳಗೆ ಒಪ್ಪಿಗೆ ಕೊಡಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ನಾನು ಹುಬ್ಬಳ್ಳಿಯ ಕಚೇರಿಯಲ್ಲಿ ಪರದೆಯ ಮುಂದೆ ಕೂತಿದ್ದೆ. ಎಲ್ಲ ಯಂತ್ರಗಳೂ ಹಸಿರು ತೋರಿಸುತ್ತಿದ್ದವು, ನಾನು ಎರಡನೆಯ ಚಹಾ ತರಿಸಿಕೊಂಡಿದ್ದೆ.

ಎರಡು ಗಂಟೆಯ ಸುಮಾರಿಗೆ ಸಹಾಯವಾಣಿಯವರು ಒಂದು ಕರೆಯನ್ನು ನನ್ನ ಕಡೆ ತಿರುಗಿಸಿದರು. ಇಂಡಿಯ ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟ ಶಾಂತಾಬಾಯಿ ಎಂಬವರು.

“ನಿಮ್ಮ ಪುಟ ನಮ್ಮಲ್ಲಿ ಹಳೀ ಪಟ್ಟಿನ ತೋರಸಾಕತ್ತೈತ್ರಿ” ಎಂದರು.

ನಾನು ಕಚೇರಿಯ ಕನ್ನಡದಲ್ಲಿ, “ದಯವಿಟ್ಟು ಒಮ್ಮೆ ರಿಫ್ರೆಶ್ ಮಾಡಿ ಮೇಡಂ” ಎಂದೆ.

“ಮುಂಜಾನಿಂದ ಅದನ್ನ ಮಾಡಾಕತ್ತೇನ್ರಿ. ಬಟನ್ ಸವದೈತಿ, ಪಟ್ಟಿ ಬದಲಾಗಿಲ್ಲ.”

“ನಮ್ಮ ಕಡೆ ಎಲ್ಲ ಸರಿಯಾಗಿದೆ ಮೇಡಂ. ನಿಮ್ಮ ಕಂಪ್ಯೂಟರಿನ ತೊಂದರೆ ಇರಬಹುದು.”

“ಹಂಗಂತೀರೇನು. ಹಂಗಾರ ಬರ್ಕೋರಿ” ಎಂದು ಅವರು ನಿಧಾನವಾಗಿ ಹೇಳತೊಡಗಿದರು. “ಇಂಡಿ ಹಳೀದು. ಸಿಂದಗಿಯೊಳಗ ನಮ್ಮಂಗ ಅಂಗಡಿ ಇಟ್ಟವ್ರಿಗೆ ಫೋನ್ ಹಚ್ಚಿದ್ದೆ, ಅಲ್ಲೂ ಹಳೀದು. ಮುದ್ದೇಬಿಹಾಳ ಹೊಸದು. ಬಾಗೇವಾಡಿ ಹೊಸದು. ನನ್ನ ಕಂಪ್ಯೂಟರ್ ಕೆಟ್ಟೈತಿ ಅನ್ರಿ, ಸಿಂದಗಿದೂ ಅದ ಮುಹೂರ್ತಕ್ಕ ಕೆಡ್ತೇನ್ರಿ?”

ನಾನು ಬರೆದುಕೊಂಡ ನಾಲ್ಕು ಸಾಲು ನೋಡಿದೆ. ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಬಾಗಲಕೋಟೆಯ ಯಂತ್ರ ನೋಡಿಕೊಳ್ಳುತ್ತಿತ್ತು. ಇಂಡಿ, ಸಿಂದಗಿ ಎರಡೂ ವಿಜಯಪುರದ ಯಂತ್ರದವು. ಅದನ್ನು ತಿಂಗಳ ಹಿಂದೆ ನಾನೇ ಕೂರಿಸಿ ಬಂದಿದ್ದೆ. ಹೊಸ ಪಟ್ಟಿ ಬಂದಾಗ ‘ಹಳೆಯದನ್ನು ಎಸೆ’ ಎಂಬ ಆಜ್ಞೆ ಎಲ್ಲ ಯಂತ್ರಗಳಿಗೂ ಹೋಗಬೇಕು. ತೆಗೆದು ನೋಡಿದರೆ, ಆಜ್ಞೆ ಕಳಿಸುವ ಯಾದಿಯಲ್ಲಿ ವಿಜಯಪುರದ ಹೆಸರೇ ಇಲ್ಲ. ಸೇರಿಸುವುದನ್ನು ಮರೆತವನು ನಾನು. ಪರದೆಯ ಹಸಿರು ಸುಳ್ಳೇನಲ್ಲ, ಯಂತ್ರ ಕೇಳಿದ ಕೂಡಲೇ ಉತ್ತರ ಕೊಡುತ್ತಿತ್ತು. ಉತ್ತರ ಮಾತ್ರ ಹಳೆಯದಾಗಿತ್ತು.

ಎರಡೇ ನಿಮಿಷದಲ್ಲಿ ಸರಿಪಡಿಸಿದೆ. ಆ ಗಡಿಬಿಡಿಯಲ್ಲಿ ಕಚೇರಿಯ ಕನ್ನಡ ಎಲ್ಲಿ ಹೋಯಿತೋ. “ಈಗ ನೋಡ್ರಿ ಅಕ್ಕಾರ, ಬಂತೇನು?” ಎಂದು ಕೇಳಿದೆ.

“ಬಂತ್ರಿ” ಎಂದವರು ಕೂಡಲೇ, “ಯಾವೂರ್ರಿ ನಿಮ್ದು?” ಎಂದರು.

“ಮಸೂತಿ.”

“ಅಲ್ರಿ, ನಮ್ಮವರ ಆಗಿ ಇಷ್ಟೊತ್ತು ಯಾಕ ಹಂಗ ಮಾತಾಡಿದ್ರಿ?”

ಕಿವಿ ಬಿಸಿಯಾದದ್ದು ಆಗಲೇ. ಆದರೂ ಕೆಲಸ ಮುಗಿಯಿತಲ್ಲ ಎಂಬ ಸಮಾಧಾನದಿಂದ ಫೋನ್ ಇಡಲು ಹೊರಟೆ. ಶಾಂತಕ್ಕ ಬಿಡಲಿಲ್ಲ.

“ಮುಂಜಾನಿಂದ ಬಂದು, ಹೆಸರಿಲ್ಲಂತ ನೋಡಿ ಮನಿಗೆ ಹೋದವ್ರಿಗೆ ಯಾರ್ ಹೇಳತಾರ್ರಿ? ನನ್ನ ಅಂಗಡಿಗೆ ಬಂದವ್ರ ಫೋನ್ ನಂಬರ್ ನನ್ನ ಹಂತ್ಯಾಕ ಅದಾವ, ನಾ ಹೇಳ್ತೇನಿ. ಆದ್ರ ಹಳ್ಳಿಯಿಂದ ಐದರೊಳಗ ತಿರುಗಿ ಹ್ಯಾಂಗ ಬರಬೇಕು ಅವ್ರು?”

ನಿಜ ಹೇಳುತ್ತೇನೆ, ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೊಳೆಯದವನ ಹಾಗೆ ಇದ್ದುಬಿಡುತ್ತಿದ್ದೆನೋ ಏನೋ. ಗಡುವು ಮುಂದೆ ಹೋಗಬೇಕೆಂದರೆ ಸಂಸ್ಥೆಯವರ ಮುಂದೆ ತಪ್ಪು ಒಪ್ಪಿಕೊಳ್ಳಬೇಕು. ಆ ಕೆಲಸ ನಮಗೆ ಸಿಕ್ಕು ಆರು ತಿಂಗಳೂ ಆಗಿರಲಿಲ್ಲ. ಆದರೂ ಸಂಸ್ಥೆಯ ಪ್ರವೇಶ ವಿಭಾಗದ ಹಿರಿಯ ಅಧಿಕಾರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ಯಾವ ಯಾವ ಊರೆಂದು ಕೇಳಿ ಬರೆದುಕೊಂಡರು. ಆಮೇಲೆ, “ಬರಹದಲ್ಲಿ ಕೊಡಿ. ನಾಳೆ ಸಂಜೆವರೆಗೆ ಸಮಯ ಕೊಡುತ್ತೇನೆ” ಎಂದರು. ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆಯಲು ಶುರುಮಾಡಿದೆ. ಯಾವ ಕಾರಣ ಎಂದು ಶಾಂತಕ್ಕ ಕೇಳಿದಂತೆ ಅನಿಸಿತು. ಅಳಿಸಿ, ‘ನಾನು ಮರೆತದ್ದರಿಂದ’ ಎಂದು ಬರೆದು ಕಳಿಸಿದೆ.

ಮರುದಿನ ರಜೆ ಹಾಕಿ ಇಂಡಿಗೆ ಹೋದೆ. ಶಾಂತಕ್ಕನದು ಎರಡು ಕಂಪ್ಯೂಟರಿನ ಸಣ್ಣ ಅಂಗಡಿ. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಕುರ್ಚಿ ಎಳೆದು, “ಕೂಡು ತಮ್ಮಾ, ಇವ್ರದು ಮುಗಸ್ತೇನಿ” ಎಂದರು. ಅವರ ಎದುರು ದೇವಣಗಾಂವದ ರೇಣುಕಾ ಕೂತಿದ್ದರು, ಮೂವತ್ತರ ಆಸುಪಾಸಿನ ಹೆಂಗಸು, ಕುರಿ ಸಾಕುವ ಮನೆಯವರು. ಇಬ್ಬರು ಮಕ್ಕಳಾದ ಮೇಲೆ ಹನ್ನೆರಡನೆಯ ತರಗತಿ ಪಾಸು ಮಾಡಿ ಅರ್ಜಿ ಹಾಕಿದ್ದರಂತೆ. ಹಿಂದಿನ ದಿನ ಹೆಸರಿಲ್ಲವೆಂದು ನೋಡಿ ಊರಿಗೆ ಹೋದವರಲ್ಲಿ ಅವರೂ ಒಬ್ಬರು. ಶಾಂತಕ್ಕ ಫೋನ್ ಮಾಡಿ ಕರೆಸಿದ್ದರು.

ಒಪ್ಪಿಗೆ ಸಲ್ಲಿಕೆಯಾಯಿತು. ರೇಣುಕಾ ಪರದೆಯ ಮೇಲೆ ತಮ್ಮ ಹೆಸರನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡರು.

ನಾನು ಎದ್ದು, “ನಿನ್ನಿ ನಿಮ್ಮ ಹೆಸರ ಕಾಣದಂಗ ಆಗಿದ್ದು ನನ್ನ ತಪ್ಪಿನಿಂದ್ರಿ” ಎಂದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನಿ ಅಳಕೋತ ಮನಿಗೆ ಹೋದ್ನಿರಿ. ನಮ್ಮತ್ತಿ ಬಾಜೂಕ ಕುಂತು, ಹೋಗ್ಲಿ ಬಿಡವ್ವಾ, ಮುಂದಿನ ವರ್ಷ ಮತ್ತ ಹಾಕು, ಮಕ್ಕಳನ್ನ ನಾ ನೋಡ್ಕೋತೇನಿ ಅಂದ್ಲು. ಮದಿವಿಯಾಗಿ ಹನ್ನೆರಡ ವರ್ಷದಾಗ ಆಕಿ ನನ್ನ ಸಮಾಧಾನ ಮಾಡಿದ್ದು ಅದ ಮದ್ಲ. ಓದಾಕ ಹೋಗ್ತೇನಿ ಅಂದಾಗೆಲ್ಲ ಜಗಳಾ ತೆಗೀತಿದ್ಲು. ಈಗ ಮಾತ ಕೊಟ್ಟಾಳ, ಹಿಂದ ತಗೊಳಾಕ ಬರಂಗಿಲ್ಲ” ಎಂದು ನಕ್ಕರು.

ಶಾಂತಕ್ಕನೂ ನಕ್ಕರು. ನನಗೆ ನಗಬೇಕೋ ಬೇಡವೋ ತಿಳಿಯದೆ, ಕೊನೆಗೆ ನಾನೂ ನಕ್ಕೆ. ಬರುವಾಗ ಶಾಂತಕ್ಕ ಒಂದು ಚೀಲ ನಿಂಬೆಹಣ್ಣು ಕೊಟ್ಟರು. ತಪ್ಪು ಮಾಡಿದವನಿಗೆ ಉಡುಗೊರೆ ಕೊಟ್ಟು ಕಳಿಸುವುದು ನಮ್ಮ ಕಡೆಯವರಿಗೇ ಗೊತ್ತು.

ಆಮೇಲಿಂದ ಯಾವುದೇ ದೊಡ್ಡ ಪಟ್ಟಿ ಹೊರಬೀಳುವ ದಿನ, ಪರದೆ ಎಷ್ಟೇ ಹಸಿರಿರಲಿ, ನಾಲ್ಕೂ ಊರಿನ ಅಂಗಡಿಗಳಿಗೆ ಫೋನ್ ಮಾಡಿ ಕಣ್ಣಾರೆ ಕಂಡದ್ದೇನೆಂದು ಕೇಳುತ್ತೇವೆ. ಕಳೆದ ವಾರ ಹೊಸದಾಗಿ ಸೇರಿದ ಎಂಜಿನಿಯರುಗಳ ಮುಂದೆ ಮಾತಾಡಲು ಶಾಂತಕ್ಕನನ್ನೇ ಹುಬ್ಬಳ್ಳಿಗೆ ಕರೆಸಿದ್ದೆ. ನಾನು ಗೋಡೆಯ ಮೇಲೆ ನಕ್ಷೆ ತೋರಿಸಿ, ಈಗ ಪ್ರತಿ ಹಳೆಯದಾಗುವ ಮಾತೇ ಇಲ್ಲ, ಸಂಸ್ಥೆಯ ಮೂಲ ಯಂತ್ರದಲ್ಲಿ ಇದ್ದದ್ದು ನಿಮಿಷದೊಳಗೆ ಎಲ್ಲ ಊರಿಗೂ ಮುಟ್ಟುತ್ತದೆ ಎಂದು ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ.

ಶಾಂತಕ್ಕ ಕನ್ನಡಕ ಕೆಳಗಿಳಿಸಿ ನಕ್ಷೆಯನ್ನು ನೋಡಿದರು. “ಮೂಲದಾಗ ತಪ್ಪಿದ್ರ?”

ಹೊಸ ಎಂಜಿನಿಯರುಗಳೆಲ್ಲ ನನ್ನ ಕಡೆ ತಿರುಗಿದರು. “ಆಗ ಆ ತಪ್ಪು ನಿಮಿಷದೊಳಗ ಎಲ್ಲಾ ಊರಿಗೂ ಮುಟ್ಟತೈತಿ ಅಕ್ಕಾ” ಎಂದೆ.

“ಹಂಗಾರ ಆ ತುದಿಗೂ ಯಾರರೆ ಕುಂತಿರತಾರಲ್ಲ. ಅವ್ರ ಹೆಸರು, ಫೋನ್ ನಂಬರ್ ಇಸ್ಕೊಂಡು ಇಟ್ಕೋರಿ.”

ನಕ್ಷೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪೆನ್ನು ತೆಗೆದುಕೊಂಡು, ಮೂಲ ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯನ ಚಿತ್ರ ಬರೆದೆ. ಅಲ್ಲಿ ಕೂತು ಪಟ್ಟಿ ಹಾಕುವವರು ಯಾರೆಂದು ಇನ್ನೂ ಗೊತ್ತಿಲ್ಲ, ಈಗ ಅದನ್ನೇ ಸಂಸ್ಥೆಯವರಲ್ಲಿ ವಿಚಾರಿಸಲು ಫೋನ್ ಕೈಗೆತ್ತಿಕೊಂಡಿದ್ದೇನೆ.