ಬರ್ನಡೀನ್ ತೆರಿಗೆಯ ಪರ ಕೈ ಎತ್ತಿದ್ದು

ಬರ್ನಡೀನ್ ಕೊವಾಚ್ ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಒಹಾಯೋದ ನಮ್ಮ ಈ ಊರಿನಲ್ಲಿ ಓದಿದವರೆಲ್ಲ ಅವಳ ಕೈಯ ಮ್ಯಾಕರೋನಿ ತಿಂದೇ ದೊಡ್ಡವರಾದದ್ದು. ನಗರಸಭೆಯ ಏಳು ಸದಸ್ಯರಲ್ಲಿ ಐವರು ಕೂಡ. ಅವಳು ಸಭೆಯಲ್ಲಿ ಎದ್ದು ನಿಂತರೆ ಆ ಐವರೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ನಿವೃತ್ತಿಯಾದ ವರ್ಷ ಅವಳು ತೆರಿಗೆ ಚೀಟಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದಳು. ಬೀದಿ ಗುಡಿಸಲು ವರ್ಷಕ್ಕೆ ಮೂವತ್ತೆಂಟು ಡಾಲರ್ ಎಂದಿತ್ತು. ನಮ್ಮ ಬೀದಿಯನ್ನು ಯಾರಾದರೂ ಗುಡಿಸಿದ್ದು ಯಾರಿಗೂ ನೆನಪಿರಲಿಲ್ಲ. ನಗರಸಭೆ ಕಚೇರಿಗೆ ಹೋಗಿ ಗುಡಿಸುವ ಯಂತ್ರದ ಕಾಗದಪತ್ರ ಕೇಳಿದಳು.

"ನಾಲ್ಕು ವಾರ ಆಗುತ್ತಮ್ಮ," ಎಂದ ಗುಮಾಸ್ತ.

"ಆಗ್ಲಪ್ಪ. ಕೇಳೋ ಹಕ್ಕು ನಂಗಿದೆ, ಕುರ್ಚಿ ನಿನ್ ಹತ್ರ ಇದೆ," ಎಂದು ಅಲ್ಲೇ ಕೂತು ಹೆಣಿಗೆ ತೆಗೆದಳು.

ಮೂರನೆಯ ದಿನ ಮಧ್ಯಾಹ್ನ ಕಾಗದ ಸಿಕ್ಕಿತು. ಯಂತ್ರವನ್ನು ಆರು ವರ್ಷದ ಹಿಂದೆಯೇ ಪಕ್ಕದ ಊರಿಗೆ ಮಾರಿದ್ದರು. ತೆರಿಗೆಯನ್ನು ಮಾತ್ರ ಇಟ್ಟುಕೊಂಡಿದ್ದರು.

ನಾವು ಹನ್ನೆರಡು ಜನ ಸೇರಿ ತೆರಿಗೆದಾರರ ಸಂಘ ಕಟ್ಟಿದೆವು. ಅವಳು ಅಧ್ಯಕ್ಷೆ, ಪಕ್ಕದ ಮನೆಯವನಾದ್ದರಿಂದ ನಾನು ಕಾರ್ಯದರ್ಶಿ. ವರ್ಷವಿಡೀ ಜಗ್ಗಾಡಿದ ಮೇಲೆ ನಗರಸಭೆ ಹಣ ವಾಪಸು ಕೊಟ್ಟಿತು. ಮುಂದಿನ ಚುನಾವಣೆಯಲ್ಲಿ ಊರು ಅವಳನ್ನೇ ಸದಸ್ಯೆ ಮಾಡಿತು. "ಹೊಸ ತೆರಿಗೆ ಒಂದೂ ಇಲ್ಲ" ಎಂದು ಅವಳ ಫಲಕದ ಮೇಲೆ ಬರೆದವನು ನಾನೇ.

ಎರಡನೆಯ ತಿಂಗಳಲ್ಲೇ ಒಳಚರಂಡಿ ತೆರಿಗೆಯ ಪ್ರಸ್ತಾಪ ಬಂತು. ಅವಳು ನಗರಸಭೆಯ ಎಂಜಿನಿಯರ್ ಜೊತೆ ಹೋಗಿ, ಚರಂಡಿಯ ಕೊಳವೆ ನೋಡಲೆಂದು ಅಗೆದ ಗುಂಡಿಗೆ ಏಣಿ ಹಾಕಿಸಿಕೊಂಡು ಇಳಿದಳು. ಎಪ್ಪತ್ತರ ಹತ್ತಿರದ ವಯಸ್ಸು. ಕೊಳವೆ ಹಳೆಯ ಇಟ್ಟಿಗೆಯದು, ಬೆರಳಿಟ್ಟರೆ ಉದುರುತ್ತಿತ್ತು. ಮೇಲೆ ಬಂದು ಬೂಟು ಒರೆಸಿಕೊಂಡಳು.

ಮತದ ದಿನ ಪರವಾಗಿ ಮೂವರು, ವಿರುದ್ಧ ಮೂವರು. ಉಳಿದವಳು ಬರ್ನಡೀನ್. ಪರವಾಗಿ ಕೈ ಎತ್ತಿದಳು.

ನಮ್ಮ ಸಂಘದ ಹಾರ್ಲನ್, ಗಾಜಿನ ಕಾರ್ಖಾನೆಯಲ್ಲಿದ್ದವನು, ಹಿಂದಿನ ಸಾಲಿನಿಂದ ಎದ್ದ. "ನಿಂಗೂ ಕುರ್ಚಿ ಗಾಳಿ ತಾಗ್ತಾ, ಬರ್ನಡೀನ್?"

"ಕುರ್ಚಿ ಅಲ್ಲ, ಗುಂಡಿ. ನಾಳೆ ಬಾ, ತೋರಿಸ್ತೀನಿ. ಹಳೇ ಬಟ್ಟೆ ಹಾಕ್ಕೊಂಡ್ ಬಾ."

"ನಮ್ ದುಡ್ಡು ಕಣೇ ಅದು."

"ನಂದೂ ಹೌದು. ಕೊಟ್ಟ ದುಡ್ಡಿಗೆ ಕೆಲ್ಸ ಮಾಡಿ ಅಂತ ತಾನೇ ನಾವು ಕೂಗಾಡಿದ್ದು? ಪುಕ್ಕಟೆ ಮಾಡಿ ಅಂತ ಅಲ್ವಲ್ಲ."

ಹಾರ್ಲನ್ ಗುಂಡಿ ನೋಡಲು ಬರಲಿಲ್ಲ. ಸಂಘ ಅವಳನ್ನು ಹೊರಹಾಕಿತು. ಪತ್ರ ಬರೆಯುವುದು ಕಾರ್ಯದರ್ಶಿಯ ಕೆಲಸ. ಬರೆದು, ಬೇಲಿಯ ಮೇಲಿಂದ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು.

"ತಾರೀಖು ಹಾಕಿಲ್ಲ ನೋಡು. ಹಿಂಗಿದ್ರೆ ಇದು ಊರ್ಜಿತ ಆಗಲ್ಲ."

ತಾರೀಖು ಹಾಕಿ ಕೊಟ್ಟೆ. ಆ ವಾರವೆಲ್ಲ ಅಂಗಳಕ್ಕೆ ಇಳಿಯಲು ನನಗೆ ನಾಚಿಕೆ.

ಮುಂದಿನ ಚುನಾವಣೆಯಲ್ಲಿ ಅವಳು ನಲವತ್ತೊಂದು ಮತದಿಂದ ಸೋತಳು. ಹೊಸ ಕೊಳವೆ ಹಾಕಿ ಮುಗಿದದ್ದು ಅದಾದ ಎರಡು ವಾರಕ್ಕೆ. ಪ್ರತಿ ವರ್ಷ ಹಿಮ ಕರಗಿದಾಗ ನುಗ್ಗುತ್ತಿದ್ದ ಕೊಳಚೆ ಆ ಸಲ ಬೀದಿಯ ಯಾವ ನೆಲಮಾಳಿಗೆಗೂ ನುಗ್ಗಲಿಲ್ಲ. ಹಾರ್ಲನ್ ಆ ವಿಷಯ ಎತ್ತಲೇ ಇಲ್ಲ.

ಈಗ ಅವಳು ಪ್ರತಿ ಮಂಗಳವಾರ ಗ್ರಂಥಾಲಯದಲ್ಲಿ ಕೂತು, ಮನೆಗೆ ಹೆಚ್ಚು ಬೆಲೆ ಕಟ್ಟಿ ತೆರಿಗೆ ಹಾಕಿದ್ದಾರೆಂದು ಬರುವವರಿಗೆ ಮೇಲ್ಮನವಿ ಬರೆದುಕೊಡುತ್ತಾಳೆ. ಹೋದ ವರ್ಷ ನನ್ನದನ್ನೂ ಬರೆದಳು. ಅದು ವಜಾ ಆಯಿತು.

"ನಿನ್ ಮನೆ ಅಷ್ಟು ಬೆಲೆ ಬಾಳುತ್ತೆ ಕಣೋ," ಎಂದಳು.