ತಿಮ್ಮಿ ಒಂದು ಹೋಳು ತಿಂದದ್ದು

ಅಂಕೋಲೆಯ ತಿಮ್ಮಿಯಷ್ಟು ಶಾಂತ ಹೆಂಗಸು ಸುತ್ತಲ ಹತ್ತೂರಲ್ಲಿ ಇಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಮೂವತ್ತು ವರ್ಷ ಅಂಗಳದ ಕರಿ ಈಶಾಡು ಮಾವಿಗೆ ನೀರು ಹೊತ್ತವಳು ಅವಳೇ. ಹುಲ್ಲಿನಲ್ಲಿಟ್ಟು ಹಣ್ಣು ಮಾಗಿಸಿ, ಬುಟ್ಟಿ ಹೊತ್ತು ಕಾರವಾರದ ಬಸ್ಸು ಹತ್ತುವವಳೂ ಅವಳೇ. ಒಳ್ಳೆಯದು ಪೇಟೆಗೆ, ಹಕ್ಕಿ ಕುಕ್ಕಿದ್ದು ಮಕ್ಕಳಿಗೆ, ಗೊರಟು ಅವಳಿಗೆ. ಈ ಸಲ ಮೈದುನ ಬೀರಾ, ಆ ಮರ ಕಡಿದು ಸ್ಲ್ಯಾಬಿನ ಮನೆ ಕಟ್ಟುತ್ತೇನೆಂದ. ಆಗಲೂ ತಿಮ್ಮಿ ಬಾಯಿ ಬಿಡಲಿಲ್ಲ. ಎದೆಯೊಳಗೆ ಮಾತ್ರ ಏನೋ ಕುದಿಯುತ್ತಲೇ ಇತ್ತು.

2006ರ ಮೇ ತಿಂಗಳು. ಕಾರವಾರದಲ್ಲಿ ಧ್ಯಾನದ ಶಿಬಿರ ನಡೆಸುತ್ತಿದ್ದ ಜಯಶ್ರೀ ಅಕ್ಕೋರು ಅವಳ ಇಡೀ ಬುಟ್ಟಿಯನ್ನೇ ತರಿಸಿಕೊಂಡರು. ಶಿಬಿರದವರು ಒಂದೊಂದು ಹೋಳನ್ನು ಐದೈದು ನಿಮಿಷ ತಿನ್ನಬೇಕಂತೆ!

"ನೀನೂ ಕೂತ್ಕೊ ತಿಮ್ಮಿ."

"ನಂಗ್ಯಾಕೆ ಅಕ್ಕೋರೆ? ಮಾರೂ ಹಣ್ಣು ತಿಂದ್ರೆ ಹೊಟ್ಟೆ ನೋಯ್ತದೆ."

"ಸುಮ್ನೆ ಕಣ್ಣು ಮುಚ್ಚು. ನಾಲಿಗೆ ಏನು ಹೇಳ್ತದೆ, ಅಷ್ಟೇ ಕೇಳು."

ತಿಮ್ಮಿ ಒಂದು ಹೋಳು ಬಾಯಿಗಿಟ್ಟಳು. ಸಿಪ್ಪೆಯ ಹತ್ತಿರ ತೆಳು ಹುಳಿ, ಆಮೇಲೆ ಗಂಟಲ ತನಕ ಸಿಹಿ. ಗೊರಟಿನ ನಾರಿನಲ್ಲಿ ಇದರ ಅರ್ಧವೂ ಇರಲಿಲ್ಲ. ಇದನ್ನೇ ಅಲ್ಲವೇ ತಾನು ಮೂವತ್ತು ವರ್ಷ ಊರಿಗೆಲ್ಲ ಹಂಚಿದ್ದು? ಕುದಿತ ನಿಂತಿತು. ಕೆಸರು ತಳಕ್ಕಿಳಿದ ಕೊಡದ ನೀರಿನಂತೆ ಮನಸ್ಸು ತಿಳಿಯಾಯಿತು. ಅದರಲ್ಲಿ ಒಂದೇ ಮಾತು ಕಂಡಿತು: ಬ್ಯಾಡ.

ಮಧ್ಯಾಹ್ನದ ಬಸ್ಸಿನಲ್ಲಿ, ಅರ್ಗಾ ದಾಟಿ, ಅಮದಳ್ಳಿ ದಾಟಿ, ಅದನ್ನೇ ಬಾಯೊಳಗೆ ಅಭ್ಯಾಸ ಮಾಡುತ್ತ ಬಂದಳು.

"ಟಿಕೇಟು?" ಕಂಡಕ್ಟರು ಕೈ ಚಾಚಿದ.

"ಬ್ಯಾಡ."

"ಬ್ಯಾಡ್ವಾ? ಬಸ್ಸು ನಿನ್ನ ಮಾವನ ಮನೇದಾ?"

ಬಸ್ಸೆಲ್ಲ ನಕ್ಕಿತು. ತಿಮ್ಮಿಯೂ ನಕ್ಕಳು.

ಅಂಗಳ ಹೊಕ್ಕಾಗ ಅರ್ಧ ಕೊಂಬೆಗಳು ನೆಲದಲ್ಲಿದ್ದವು. ಬೀರಾ ಗರಗಸ ಹಿಡಿದಿದ್ದ.

"ಮರ ಕಡೂದು ಬ್ಯಾಡ!"

"ಎಂತದು ಅತ್ಗೆ, ಶಿಬಿರದಲ್ಲಿ ಶಾಂತಿ ಕಲ್ತು ಬಂದ್ಯೋ, ಜಗಳ ಕಲ್ತು ಬಂದ್ಯೋ?"

ಮಗ ಹರೀಶ ಅವಳ ತೋಳು ಹಿಡಿದ. "ಬಾ ಅವ್ವಾ. ಮೊನ್ನೆ ನಾನೇ ಹೂಂ ಅಂದೆ."

"ನನ್ನ ಒಂದು ಮಾತು ಕೇಳಬೇಕು ಅನಿಸಲಿಲ್ವಾ?"

"ನೀ ಯಾವಾಗ ಬ್ಯಾಡ ಅಂದವ್ಳು?"

ಅವನ ದನಿಯಲ್ಲಿ ಕುಹಕವಿರಲಿಲ್ಲ, ಬರಿಯ ಆಶ್ಚರ್ಯವಿತ್ತು. ಅದೇ ಅವಳನ್ನು ಇರಿಯಿತು. ಇವರೆಲ್ಲ ಶಾಂತಿ ಎಂದು ಹೊಗಳಿದ್ದು ತನ್ನ ಮುಚ್ಚಿದ ಬಾಯಿಯನ್ನು!

ಗರಗಸ ಮತ್ತೆ ಓಡಿತು. ಸೊಸೆ ಗಂಗಿ, ಉದುರಿದ ಕಾಯಿಗಳನ್ನು ಆರಿಸುತ್ತ, "ಅತ್ತೆ, ಉಪ್ಪಿಗೆ ಹಾಕೂಕೆ ಭರಣಿ ತೊಳೀರಿ" ಎಂದಳು.

"ಬ್ಯಾಡ," ಎಂದಳು ತಿಮ್ಮಿ.

ಗಂಗಿ ತಾನೇ ಎದ್ದು ಭರಣಿ ತೊಳೆದಳು.